ನಾಯಕಿಯ ಕೈಯಲ್ಲಿ ಏನಿದೆ? ವಿಡಿಯೊ ಗೇಮ್ ಆರಿಸಿಕೊಳ್ಳುವ ಹೆಣ್ಣುಮಕ್ಕಳಿಗೆ ಒಂದು ಹೋಲಿಕೆ

ಇಡ್ಲಿ ಹಿಟ್ಟು ಹುಯ್ದಾಗಿತ್ತು. ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿ ಪಾತ್ರೆಯೊಳಗೆ ಇಳಿಸುವುದಷ್ಟೇ ಬಾಕಿ. ನಾನು ಮೌಸ್ ಹಿಡಿದು ಜೋಡಿಸುತ್ತಿದ್ದೆ. ಹಿಂದೆ ನಿಂತಿದ್ದ ಅತ್ತೆ ತಡೆದರು: "ಹಾಗಿಟ್ಟರೆ ಮೇಲಿನ ತಟ್ಟೆ ಇಡ್ಲಿಯನ್ನು ಒತ್ತುತ್ತದಮ್ಮ. ಸ್ವಲ್ಪ ತಿರುಗಿಸಿಡು, ಗುಳಿಯ ನೇರಕ್ಕೆ ಗುಳಿ ಬರಬಾರದು." ತಿರುಗಿಸಿಟ್ಟೆ. ಪರದೆಯ ಮೇಲೆ ಹಬೆಯಾಡಿತು, ಒಗಟು ಬಿಡಿಸಿದಂತಾಯಿತು. ಅರವತ್ತೆಂಟು ವರ್ಷದಲ್ಲಿ ಒಂದು ದಿನವೂ ವಿಡಿಯೊ ಗೇಮ್ ಮುಟ್ಟದ ಅತ್ತೆ, ಅಂದು ಕುರ್ಚಿ ಎಳೆದುಕೊಂಡು ಕುಳಿತವರು ಆಟ ಮುಗಿಯುವವರೆಗೂ ಏಳಲಿಲ್ಲ.

ಆ ಗೇಮಿನ ಹೆಸರು 'ವೆಣ್ಬಾ'. ಕೆನಡಾದ ಟೊರಾಂಟೊದಲ್ಲಿರುವ ಒಂದು ಸಣ್ಣ ತಂಡ ಮಾಡಿ, 2023ರಲ್ಲಿ ಬಿಡುಗಡೆ ಮಾಡಿದ್ದು. ತಮಿಳುನಾಡಿನಿಂದ ಕೆನಡಾಕ್ಕೆ ಹೋಗಿ ನೆಲೆಸಿದ ವೆಣ್ಬಾ ಎಂಬ ಹೆಂಗಸಿನ ಕತೆ, ಶುರುವಾಗುವುದು 1988ರಲ್ಲಿ. ತಾಯಿ ಕೊಟ್ಟ ಅಡುಗೆ ಪುಸ್ತಕದ ಪುಟಗಳು ಹರಿದಿವೆ, ಅಕ್ಷರ ಅಳಿಸಿದೆ. ಅಳಿಸಿದ ಸಾಲುಗಳನ್ನು ಊಹಿಸಿ ಅಡುಗೆ ಮುಗಿಸುವುದೇ ಆಟ.

ಹೆಣ್ಣುಮಕ್ಕಳಿಗೆ ಯಾವ ಗೇಮ್ ಹಿಡಿಸುತ್ತದೆ ಎಂದು ನನ್ನನ್ನು ಕೇಳುವವರು ಬಹಳ. ಕೆಲವರಿಗೆ ತಂಗಿಗೆ ಕೊಡಿಸಬೇಕು, ಕೆಲವರಿಗೆ ಮಗಳಿಗೆ, ಹಲವರಿಗೆ ತಮಗೇ ಬೇಕು. ಇಪ್ಪತ್ತು ವರ್ಷಗಳಿಂದ ಆಡುತ್ತಾ ಬಂದವಳಾಗಿ ನಾನು ಬಳಸುವ ಅಳತೆ ಒಂದೇ: ಮುಖಪುಟದ ಮೇಲೆ ಹೆಂಗಸಿದ್ದಾಳೆಯೇ ಎಂದು ನೋಡುವುದಕ್ಕಿಂತ, ಆಟ ಆ ಹೆಂಗಸಿನ ಕೈಗೆ ಏನು ಕೊಟ್ಟಿದೆ ಎಂದು ನೋಡಿ. ಸೌಟೋ, ಬಿಲ್ಲೋ, ಕ್ಯಾಮೆರಾವೋ, ತಮ್ಮನ ಕೈಯೋ. ನೀವು ಕಂಟ್ರೋಲರ್ ಹಿಡಿದಾಗ ನಿಮ್ಮ ಕೈಗೂ ಬರುವುದು ಅದೇ. ಕೆಳಗಿನ ಹೋಲಿಕೆಗಳನ್ನೆಲ್ಲ ಆ ಅಳತೆಯಲ್ಲೇ ಮಾಡಿದ್ದೇನೆ.

ಮೊದಲು ರುಚಿಯ ವಿಚಾರ

ಹೆಂಗಸರು ಗೇಮ್ ಲೋಕಕ್ಕೆ ಈಚೆಗೆ ಬಂದವರು ಎಂಬ ಮಾತನ್ನು ನಂಬಬೇಡಿ. ಜಪಾನಿನ ತೋರು ಇವಾತಾನಿ 1980ರಲ್ಲಿ ಪ್ಯಾಕ್-ಮ್ಯಾನ್ ರೂಪಿಸಿದ್ದೇ ಹೆಂಗಸರೂ ಬಂದು ಆಡಲಿ ಎಂಬ ಉದ್ದೇಶದಿಂದ. ಆಗ ಆಟದ ಯಂತ್ರಗಳಲ್ಲಿ ಅನ್ಯಗ್ರಹದವರನ್ನು ಸುಡುವ ಆಟಗಳೇ ತುಂಬಿದ್ದವು. ಇವಾತಾನಿ ತಿನ್ನುವುದನ್ನೇ ಆಟವಾಗಿಸಿದರು. ಅದೇ ವರ್ಷ ಅಮೆರಿಕದಲ್ಲಿ ರಾಬರ್ಟಾ ವಿಲಿಯಮ್ಸ್ ಎಂಬ ಮಹಿಳೆ 'ಮಿಸ್ಟರಿ ಹೌಸ್' ರಚಿಸಿ, ಬರೀ ಅಕ್ಷರಗಳಲ್ಲಿದ್ದ ಸಾಹಸದ ಆಟಗಳಿಗೆ ಚಿತ್ರ ತಂದರು. 1988ರ ಅವರ 'ಕಿಂಗ್ಸ್ ಕ್ವೆಸ್ಟ್ 4'ರಲ್ಲಿ ಇಡೀ ಆಟವನ್ನು ನಡೆಸುವವಳು ರಾಜಕುಮಾರಿ ರೊಸೆಲ್ಲಾ.

ರುಚಿಯಲ್ಲಿ ವ್ಯತ್ಯಾಸ ಇಲ್ಲವೆಂದು ನಾನು ಹೇಳುವುದಿಲ್ಲ. ಕ್ವಾಂಟಿಕ್ ಫೌಂಡ್ರಿ ಎಂಬ ಸಂಶೋಧನಾ ಸಂಸ್ಥೆ 2017ರಲ್ಲಿ, ಯಾವ ಬಗೆಯ ಆಟ ಆಡುವವರಲ್ಲಿ ಹೆಂಗಸರು ಎಷ್ಟು ಎಂಬ ಲೆಕ್ಕ ಪ್ರಕಟಿಸಿತು. ಮೂರು ಬಣ್ಣ ಜೋಡಿಸುವ ಒಗಟು, ಹೊಲ ಉಳುವ ಆಟಗಳಲ್ಲಿ ಶೇಕಡ 69. ಕ್ರೀಡೆಯ ಆಟಗಳಲ್ಲಿ ಶೇಕಡ 2. ಇಷ್ಟನ್ನೇ ಓದಿದವರು ಹೆಂಗಸರಿಗೆ ಕ್ಯಾಂಡಿ, ಗಂಡಸರಿಗೆ ಬಂದೂಕು ಎಂದು ತೀರ್ಪು ಕೊಟ್ಟು ಎದ್ದುಬಿಡುತ್ತಾರೆ. ಅದೇ ಪಟ್ಟಿಯಲ್ಲಿ ಇನ್ನೊಂದು ಸಂಗತಿಯಿದೆ. ನಾವೇ ಒಂದು ಪಾತ್ರವಾಗಿ ಕಥೆ ನಡೆಸುವ, ಪಾಶ್ಚಾತ್ಯ ಶೈಲಿಯ ಪಾತ್ರಧಾರಣೆಯ ಆಟಗಳಲ್ಲಿ ಹೆಂಗಸರ ಪಾಲು ಸರಾಸರಿ ಶೇಕಡ 26 ಇದ್ದರೆ, 'ಡ್ರ್ಯಾಗನ್ ಏಜ್: ಇನ್‌ಕ್ವಿಸಿಷನ್' ಒಂದರಲ್ಲೇ ಅದು ಶೇಕಡ 48. ಅದರಲ್ಲಿಯೂ ಕತ್ತಿ ಇದೆ, ರಕ್ತ ಇದೆ, ಡ್ರ್ಯಾಗನ್ ಇದೆ. ಜೊತೆಗೆ ನಾಯಕಿಯನ್ನು ನಮ್ಮಿಷ್ಟದಂತೆ ರೂಪಿಸಿಕೊಳ್ಳುವ ಅವಕಾಶವಿದೆ. ಬಿಡಾರದಲ್ಲಿ ಕುಳಿತು ಸಂಗಡಿಗರೊಡನೆ ಗಂಟೆಗಟ್ಟಲೆ ಮಾತಾಡಬಹುದು, ಒಬ್ಬರನ್ನು ಪ್ರೀತಿಸಬಹುದು, ಇನ್ನೊಬ್ಬರೊಡನೆ ಜಗಳ ಕಾಯಬಹುದು. ಬಾಗಿಲು ತೆರೆದಲ್ಲಿಗೆ ಹೆಂಗಸರು ಹೋಗುತ್ತಾರೆ ಎಂದು ನಾನು ಆ ಸಂಖ್ಯೆಯನ್ನು ಓದುತ್ತೇನೆ.

ಇದಕ್ಕೆ ಎದುರಾಗಿ 1986ರ 'ಮೆಟ್ರಾಯ್ಡ್' ನೆನಪಿಗೆ ಬರುತ್ತದೆ. ಕವಚ ತೊಟ್ಟ ಯೋಧ ಗಂಡಸೆಂದೇ ಎಲ್ಲರೂ ಆಡಿದರು. ಬೇಗ ಮುಗಿಸಿದವರಿಗೆ ಕೊನೆಯಲ್ಲಿ ಶಿರಸ್ತ್ರಾಣ ತೆಗೆದು ತೋರಿಸುತ್ತಾಳೆ: ಸಾಮಸ್ ಆರನ್ ಹೆಣ್ಣು. ಅದೊಂದು ದೊಡ್ಡ ಗಳಿಗೆ, ಒಪ್ಪುತ್ತೇನೆ. ಆದರೆ ಇನ್ನೂ ಬೇಗ ಮುಗಿಸಿದರೆ ಅವಳ ಮೈಮೇಲೆ ಇನ್ನೂ ಕಡಿಮೆ ಬಟ್ಟೆ. ಆಟವಿಡೀ ಅವಳ ಕೈಯಲ್ಲಿದ್ದ ಬಂದೂಕು ಅವಳದೇ. ಕೊನೆಯ ಬಹುಮಾನ ಮಾತ್ರ ಬೇರೆ ಯಾರಿಗೋ. ಅದೇ ಸಾಮಸ್ 2021ರ 'ಮೆಟ್ರಾಯ್ಡ್ ಡ್ರೆಡ್'ನಲ್ಲಿ ಹೆಚ್ಚು ಮಾತಾಡದೆ, ಒಂದು ಬಗ್ಗುವಿಕೆಯಲ್ಲಿ, ಒಂದು ನೋಟದಲ್ಲಿ ತಾನು ಯಾರೆಂದು ತೋರಿಸುತ್ತಾಳೆ. ನಿಂಟೆಂಡೊ ಸ್ವಿಚ್ ಇದ್ದವರು ಅದರಿಂದಲೇ ಆರಂಭಿಸಬಹುದು. ಸುಲಭವಲ್ಲ, ಬೆರಳು ಪಳಗಬೇಕು.

ಲಾರಾ ಕ್ರಾಫ್ಟ್ ಅಥವಾ ಏಲಾಯ್

ಸಾಹಸದ ದೊಡ್ಡ ಗೇಮ್ ಬೇಕು, ಓಡಬೇಕು, ಏರಬೇಕು, ಬಾಣ ಬಿಡಬೇಕು ಎನ್ನುವವರ ಮುಂದೆ ಬರುವ ಎರಡು ಹೆಸರುಗಳಿವು.

'ಟೂಂಬ್ ರೇಡರ್' ಆಟಗಳ ನಾಯಕಿ ಲಾರಾಗೆ ಎರಡು ಜನ್ಮ. ಮೊದಲನೆಯದು 1996ರಲ್ಲಿ, ಇಂಗ್ಲೆಂಡಿನ ಡರ್ಬಿಯಲ್ಲಿದ್ದ ಕೋರ್ ಡಿಸೈನ್‌ನಲ್ಲಿ. ಅವಳನ್ನು ರೂಪಿಸಿದ ಟೋಬಿ ಗಾರ್ಡ್ ಮೊದಲ ಆಟದ ನಂತರ ಸಂಸ್ಥೆ ಬಿಟ್ಟರು; ಆಮೇಲೆ ಜಾಹೀರಾತುಗಳು ಅವಳ ಮೈಯನ್ನೇ ಮಾರಿದವು. ನನ್ನ ವಯಸ್ಸಿನ ಅನೇಕರು ಲಾರಾ ಎಂದರೆ ಮುಖ ತಿರುಗಿಸುವುದು ಆ ಜಾಹೀರಾತುಗಳ ನೆನಪಿನಿಂದ. ಆದರೆ ಆಟವನ್ನು ಆಡಿ ನೋಡಿ. ಲಾರಾ ಒಬ್ಬಳೇ. ಗುಹೆಯಲ್ಲಿ ಸದ್ದಿಲ್ಲ. ಇಡೀ ಲೋಕ ಚದರ ಚದರವಾಗಿ ಕಟ್ಟಿದ್ದು. ದೊಡ್ಡ ಕಂದಕ ದಾಟಬೇಕಾದರೆ ಅಂಚಿನವರೆಗೆ ನಡೆಯಬೇಕು, ಒಂದು ನೆಗೆತ ಹಿಂದಕ್ಕೆ ಹಾರಬೇಕು, ಅಲ್ಲಿಂದ ಓಡಿ ಸರಿಯಾದ ಹೆಜ್ಜೆಗೆ ಗುಂಡಿ ಒತ್ತಬೇಕು. ಲೆಕ್ಕ ಸರಿಯಿದ್ದರೆ ಬೆರಳ ತುದಿ ಎದುರಿನ ಬಂಡೆಗೆ ಸಿಗುತ್ತದೆ. ಅದು ರಂಗೋಲಿಯ ಚುಕ್ಕಿ ಎಣಿಸಿದಷ್ಟು ಖಚಿತವಾದ ಆಟ. ಕೈಯಲ್ಲಿ ಎರಡು ಪಿಸ್ತೂಲು ಇದ್ದರೂ ನಿಜವಾದ ಆಯುಧ ಆ ಎಣಿಕೆ. ಮೊದಲ ಮೂರು ಆಟಗಳನ್ನು ಸೇರಿಸಿ 2024ರಲ್ಲಿ ಹೊಸದಾಗಿ ತಂದಿದ್ದಾರೆ; ಒಂದೇ ಗುಂಡಿಯಲ್ಲಿ ಹಳೆಯ ಚಿತ್ರ, ಹೊಸ ಚಿತ್ರ ಎರಡನ್ನೂ ಬದಲಾಯಿಸಿಕೊಂಡು ನೋಡಬಹುದು. ಮೂರನೆಯದು ಆರಂಭವಾಗುವುದೇ ಭಾರತದ ಕಾಡಿನಲ್ಲಿ, ಹುಲಿ ಮತ್ತು ಕೋತಿಗಳ ನಡುವೆ.

ಎರಡನೆಯ ಜನ್ಮ 2013ರದು. ಮುಖ್ಯ ಬರಹಗಾರ್ತಿ ರಿಯಾನಾ ಪ್ರ್ಯಾಚೆಟ್. ಹಡಗು ಒಡೆದು, ಯಮತಾಯಿ ಎಂಬ ದ್ವೀಪಕ್ಕೆ ಬಂದು ಬಿದ್ದ ಎಳೆಯ ಲಾರಾ. ಬಟ್ಟೆ ತೊಡಿಸುವುದರಲ್ಲಿ, ಮಾತಿನಲ್ಲಿ, ಸ್ನೇಹಿತೆ ಸ್ಯಾಮ್ ಮೇಲಿನ ಮಮತೆಯಲ್ಲಿ ಅವಳು ಮನುಷ್ಯಳಾಗಿ ಕಾಣುತ್ತಾಳೆ. ಹಳೆಯ ಲ್ಯಾಪ್‌ಟಾಪಿನಲ್ಲಿಯೂ ಗ್ರಾಫಿಕ್ಸ್ ಇಳಿಸಿಕೊಂಡರೆ ಓಡುವುದು ಇನ್ನೊಂದು ಅನುಕೂಲ. ಆದರೂ ನನ್ನದೊಂದು ತಕರಾರಿದೆ, ಅದನ್ನು ಹೇಳದೆ ಇದನ್ನು ಯಾರಿಗೂ ಕೊಡಿಸಲಾರೆ. ಮೊದಲ ಕೆಲವು ನಿಮಿಷದಲ್ಲೇ ಅವಳ ಪಕ್ಕೆಗೆ ಕಬ್ಬಿಣದ ಸರಳು ಚುಚ್ಚಿಕೊಳ್ಳುತ್ತದೆ. ಆಮೇಲೆ ನಾವು ಎಡವಿದಾಗಲೆಲ್ಲ ಅವಳು ಸಾಯುವುದನ್ನು ಆಟ ಸಮೀಪದಿಂದ, ಬಿಡಿಬಿಡಿಯಾಗಿ ತೋರಿಸುತ್ತದೆ. ಕಷ್ಟದಿಂದಲೇ ಹೆಣ್ಣು ಗಟ್ಟಿಯಾಗುತ್ತಾಳೆ ಎಂಬ ನಂಬಿಕೆ ನಮ್ಮ ಧಾರಾವಾಹಿಗಳಲ್ಲೂ ಉಂಟು, ಅಲ್ಲೂ ನನಗೆ ಸೇರದು. ರಾತ್ರಿ ನೆಮ್ಮದಿಯಾಗಿ ಮಲಗಬೇಕೆನ್ನುವವರು 2015ರ 'ರೈಸ್ ಆಫ್ ದ ಟೂಂಬ್ ರೇಡರ್' ಹಿಡಿಯಿರಿ. ಅದರಲ್ಲಿ ಸಮಾಧಿಗಳ ಒಗಟುಗಳು ಹೆಚ್ಚು ಚೆನ್ನಾಗಿವೆ.

ಏಲಾಯ್ ಬೇರೆಯೇ ಮಣ್ಣಿನವಳು. ಆಮ್‌ಸ್ಟರ್‌ಡ್ಯಾಮಿನ ಗೆರಿಲ್ಲಾ ಗೇಮ್ಸ್ 2017ರಲ್ಲಿ ತಂದ 'ಹೊರೈಜನ್ ಜೀರೊ ಡಾನ್' ಅವಳ ಮೊದಲ ಆಟ. ಅವಳು ಹುಟ್ಟಿದ ನೋರಾ ಬುಡಕಟ್ಟನ್ನು ಆಳುವವರು ಹಿರಿಯ ತಾಯಂದಿರು; ತಾಯಿಯೇ ಅವರ ದೈವ. ಆ ಊರಿನಲ್ಲಿ ತಾಯಿ ಯಾರೆಂದು ಗೊತ್ತಿಲ್ಲದ ಮಗು ಬಹಿಷ್ಕೃತ. ಯಾರ ಮಗಳು ನೀನು ಎಂಬ ಪ್ರಶ್ನೆಯನ್ನು ಅವಳು ಹುಟ್ಟಿನಿಂದ ಹೊತ್ತು ತಿರುಗುತ್ತಾಳೆ, ಉತ್ತರ ಹುಡುಕುತ್ತಾ ಅಳಿದುಹೋದ ಒಂದು ನಾಗರಿಕತೆಯ ಬುಡಕ್ಕೇ ತಲುಪುತ್ತಾಳೆ. ಆಟದ ರಚನೆಯೂ ಅವಳ ಬುದ್ಧಿಗೆ ತಕ್ಕದ್ದು. ಯಂತ್ರಪ್ರಾಣಿಗಳನ್ನು ಸುಮ್ಮನೆ ಹೊಡೆದರೆ ಸಾಯುವುದಿಲ್ಲ. ಹುಲ್ಲಿನಲ್ಲಿ ಅಡಗಿ ಯಾವ ಭಾಗ ಎಲ್ಲಿದೆ ಎಂದು ನೋಡಬೇಕು. ಥಂಡರ್‌ಜಾ ಎಂಬ ದೈತ್ಯ ಯಂತ್ರದ ಬೆನ್ನ ಮೇಲಿನ ಚಕ್ರಾಯುಧವನ್ನು ಬಾಣ ಬಿಟ್ಟು ಕಳಚಿ ಬೀಳಿಸಿ, ಅದನ್ನೇ ಎತ್ತಿಕೊಂಡು ಅದರ ಮೇಲೆಯೇ ತಿರುಗಿಸಬಹುದು. ಮೊದಲ ಬಾರಿ ಅದು ಸಾಧ್ಯವಾದ ರಾತ್ರಿ ನಾನು ಎದ್ದು ನಿಂತು ಚಪ್ಪಾಳೆ ಹೊಡೆದೆ. ಮನೆಯಲ್ಲಿ ಉಳಿದವರೆಲ್ಲ ಮಲಗಿದ್ದರು.

ಇಬ್ಬರಲ್ಲಿ ಒಬ್ಬಳೆಂದರೆ ನಾನು ಏಲಾಯ್ ಕಡೆ. ಅವಳ ಗಾಯವನ್ನು ಆಟ ಪ್ರದರ್ಶನಕ್ಕಿಡುವುದಿಲ್ಲ, ಜಾಣತನವನ್ನು ಇಡುತ್ತದೆ. ಕಥೆಗಾಗಿ ಆಡುವವರಿಗೆಂದೇ ತೀರ ಸುಲಭದ ಹಂತವೂ ಅದರಲ್ಲಿದೆ, ನಾಚಿಕೆಪಡದೆ ಅದನ್ನು ಆರಿಸಿ. ಪ್ಲೇಸ್ಟೇಷನ್ ಅಥವಾ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇರುವ ಕಂಪ್ಯೂಟರ್ ಮಾತ್ರ ಬೇಕೇಬೇಕು.

ಗಂಡೋ ಹೆಣ್ಣೋ ನೀವೇ ಆರಿಸುವಲ್ಲಿ

ಬಾಹ್ಯಾಕಾಶದಲ್ಲಿ ನಡೆಯುವ 'ಮಾಸ್ ಎಫೆಕ್ಟ್' ಆಟಗಳ ಮುಖ್ಯ ಪಾತ್ರ ಶೆಪರ್ಡ್ ಗಂಡೂ ಆಗಬಹುದು, ಹೆಣ್ಣೂ ಆಗಬಹುದು. ಹೆಣ್ಣಾಗಿ ಆಡಿದವರು ಬರೀ ಶೇಕಡ 18 ಎಂದು 2011ರಲ್ಲಿ ಆಟ ಮಾಡಿದ ಕಂಪನಿ ಹೇಳಿತ್ತು. ಮೂರೂ ಆಟಗಳನ್ನು ಒಟ್ಟುಗೂಡಿಸಿ 2021ರಲ್ಲಿ ಮತ್ತೆ ತಂದಾಗ ಅದು 32ಕ್ಕೆ ಏರಿತ್ತು. ಉಳಿದವರು ಹೆಣ್ಣು ಶೆಪರ್ಡ್ ಆಗಿ ಮಾತಾಡಿದ ಜೆನಿಫರ್ ಹೇಲ್ ಅವರ ಧ್ವನಿಯನ್ನು ಕಳೆದುಕೊಂಡರಲ್ಲ ಎಂದು ನನಗೆ ನಿಜವಾಗಿ ದುಃಖವಿದೆ. ಮಾತು ಒಂದೇ, ಸನ್ನಿವೇಶ ಒಂದೇ. ಆದರೆ ಆಕೆ ಹೇಳಿದಾಗ ಆಜ್ಞೆಯಲ್ಲಿ ಆಯಾಸವೂ ಕೇಳಿಸುತ್ತದೆ, ಸತ್ತ ಸಿಪಾಯಿಯ ಹೆಸರು ಹೇಳುವಾಗ ಗಂಟಲು ಕಟ್ಟುವುದು ಕೇಳಿಸುತ್ತದೆ.

2018ರ 'ಅಸ್ಯಾಸಿನ್ಸ್ ಕ್ರೀಡ್ ಒಡಿಸ್ಸಿ'ಯಲ್ಲಿಯೂ ಆಯ್ಕೆ ನಿಮ್ಮದೇ: ಕಸಾಂಡ್ರಾ ಅಥವಾ ಅಲೆಕ್ಸಿಯೋಸ್. ಪ್ರಾಚೀನ ಗ್ರೀಸ್, ಕ್ರಿ.ಪೂ. 431ರ ಪೆಲೊಪೊನೀಸ್ ಯುದ್ಧದ ಕಾಲ. ಕಸಾಂಡ್ರಾಳನ್ನೇ ಆರಿಸಿಕೊಳ್ಳಿ. ಮೆಲಿಸಾಂತಿ ಮಹೂತ್ ಅವಳಿಗೆ ಕೊಟ್ಟ ಧ್ವನಿಯಲ್ಲಿ ನಗು ಯಾವಾಗಲೂ ತುಟಿಯಂಚಿನಲ್ಲಿರುತ್ತದೆ. ಇವೆರಡರ ನಡುವೆ ಹೇಗೆ ಆರಿಸುವುದು? ಸಂಗಡಿಗರನ್ನು ಕಟ್ಟಿಕೊಂಡು, ಯಾರನ್ನು ಉಳಿಸಲಿ ಯಾರನ್ನು ಬಿಡಲಿ ಎಂದು ಒದ್ದಾಡುವ ಮನಸ್ಸಿದ್ದರೆ ಶೆಪರ್ಡ್. ಕುದುರೆ ಏರಿ, ದೋಣಿ ಬಿಟ್ಟು, ಗುಡಿಯ ನೆತ್ತಿಗೆ ಹತ್ತಿ ಊರು ನೋಡುವ ಆಸೆಯಿದ್ದರೆ ಕಸಾಂಡ್ರಾ. ಒಡಿಸ್ಸಿ ತುಂಬಾ ಉದ್ದ; ಸಂಜೆಗೊಂದು ಗಂಟೆ ಸಿಗುವವರಿಗೆ ತಿಂಗಳುಗಟ್ಟಲೆ ಹಿಡಿಯುತ್ತದೆ. ನಡುವೆ ಬಿಟ್ಟರೂ ತಪ್ಪಿಲ್ಲ.

ಇಬ್ಬರು ಅಕ್ಕಂದಿರು

ತಮ್ಮನನ್ನು ಕಾಯುವ ಅಕ್ಕ ನಮ್ಮ ಮನೆಮನೆಯಲ್ಲಿದ್ದಾಳೆ. ಆಟಗಳಲ್ಲಿ ಅವಳು ಅಪರೂಪ. ಎರಡು ಆಟಗಳು ಅವಳನ್ನು ನಡುಮಧ್ಯದಲ್ಲಿ ನಿಲ್ಲಿಸಿವೆ.

'ರಾಜಿ: ಆ್ಯನ್ ಏನ್ಶಿಯಂಟ್ ಎಪಿಕ್' ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ 2020ರಲ್ಲಿ ತಂದದ್ದು. ಜನರಿಂದ ಹಣ ಕೂಡಿಸುವ ಅವರ ಪ್ರಯತ್ನ ಮೊದಲು ವಿಫಲವಾಗಿತ್ತು. ಆಟ ಬಂದ ವರ್ಷವೇ ಅದು ಗೇಮ್ ಅವಾರ್ಡ್ಸ್‌ನಲ್ಲಿ ಚೊಚ್ಚಲ ಆಟಗಳ ವಿಭಾಗಕ್ಕೆ ನಾಮನಿರ್ದೇಶನಗೊಂಡಿತು. ಸರ್ಕಸ್ಸಿನಲ್ಲಿ ಬೆಳೆದ ಹುಡುಗಿ ರಾಜಿ. ಅಸುರರು ಎತ್ತಿಕೊಂಡು ಹೋದ ತಮ್ಮ ಗೋಲು. ದುರ್ಗೆ ಅವಳ ಕೈಗೆ ತ್ರಿಶೂಲ ಕೊಡುತ್ತಾಳೆ. ಗೋಡೆಯನ್ನು ಒದ್ದು ಮೇಲಕ್ಕೆ ಚಿಮ್ಮಿ, ಕಂಬ ಹಿಡಿದು ಸುತ್ತಿ ಹೊಡೆಯುವ ಅವಳ ಚಲನೆಯಲ್ಲಿ ಸರ್ಕಸ್ಸಿನ ಮೈ ಇದೆ. ನಡುನಡುವೆ ಕಥೆಯನ್ನು ನೆರಳುಗೊಂಬೆಗಳಲ್ಲಿ ಹೇಳುತ್ತಾರೆ. ಊರ ಜಾತ್ರೆಯಲ್ಲಿ ತೊಗಲುಗೊಂಬೆಯಾಟ ಕಂಡವರಿಗೆ ಆ ಹಳದಿ ಬೆಳಕು, ಪರದೆಯ ಮೇಲೆ ಅಲುಗುವ ಕೈಕಾಲು ಕೂಡಲೇ ಪರಿಚಿತವೆನಿಸುತ್ತವೆ. ಕೊರತೆಯೂ ಇದೆ. ಹೊಡೆತಗಳು ಭಾರವಾಗಿವೆ, ಕ್ಯಾಮೆರಾ ನಮ್ಮ ಮಾತು ಕೇಳುವುದಿಲ್ಲ, ಕೊನೆ ಅರ್ಧದಲ್ಲಿ ನಿಂತಂತಿದೆ. ನಾಲ್ಕೈದು ಗಂಟೆಯಲ್ಲಿ ಮುಗಿಯುತ್ತದೆ. ಆದರೂ ನನ್ನ ತಂಗಿಯ ಮಗಳು, ತನ್ನಂತೆಯೇ ಜಡೆ ಬಿಟ್ಟ, ತನ್ನ ಬಣ್ಣದ ಹುಡುಗಿ ದುರ್ಗೆಯ ಎದುರು ನಿಂತಿದ್ದನ್ನು ಕಂಡು ಟಿವಿಯ ಹತ್ತಿರ ಹತ್ತಿರ ಸರಿದಳಲ್ಲ, ಆ ಒಂದು ಕಾರಣಕ್ಕೆ ಈ ಆಟವನ್ನು ನಾನು ಪಟ್ಟಿಯಿಂದ ಎಂದಿಗೂ ಬಿಡಲಾರೆ.

ಇನ್ನೊಬ್ಬಳು ಅಮೀಸಿಯಾ. ಫ್ರಾನ್ಸಿನ ಬೋರ್ಡೊ ನಗರದ ಅಸೋಬೊ ಸ್ಟುಡಿಯೊ 2019ರಲ್ಲಿ ತಂದ 'ಎ ಪ್ಲೇಗ್ ಟೇಲ್: ಇನೊಸೆನ್ಸ್'ನವಳು. 1348, ಫ್ರಾನ್ಸಿನಲ್ಲಿ ಪ್ಲೇಗ್ ಹರಡಿದ ಕಾಲ, ನೆಲ ಕಾಣದಷ್ಟು ಇಲಿಗಳು. ಅವಳ ಆಯುಧ ಕವಣೆ. ತಲೆಯ ಮೇಲೆ ಗಿರಗಿರನೆ ತಿರುಗಿಸಿ ಕಲ್ಲು ಬಿಟ್ಟರೆ ತೂಗುದೀಪದ ಸರಪಳಿ ತುಂಡಾಗುತ್ತದೆ. ಇಲಿಗಳಿಗೆ ಬೆಳಕಿನ ಭಯ. ಬೆಳಕನ್ನು ಎಲ್ಲಿ ಹಚ್ಚಬೇಕು, ಎಲ್ಲಿ ಆರಿಸಬೇಕು ಎಂಬುದರಲ್ಲೇ ಜೀವ ನಿಂತಿದೆ. ಐದು ವರ್ಷದ ತಮ್ಮ ಹ್ಯೂಗೊನ ಕೈಹಿಡಿಯಲು ಒಂದು ಗುಂಡಿಯಿದೆ. ಕೈಬಿಟ್ಟು ದೂರ ಹೋದರೆ ಅವನು ಹೆದರಿ ಕೂಗತೊಡಗುತ್ತಾನೆ, ಆ ಕೂಗಿಗೆ ಸೈನಿಕರು ಬರುತ್ತಾರೆ. ಕೆಲವು ಕಡೆ ಅವನನ್ನು ಬಿಟ್ಟೇ ಹೋಗಬೇಕು. ಆಟ ಮುಗಿದ ಎಷ್ಟೋ ದಿನ ನನ್ನ ಎಡಗೈ ಬೆರಳಿಗೆ ಆ ಗುಂಡಿಯ ನೆನಪಿತ್ತು.

ಮಕ್ಕಳ ಜೊತೆ ಕುಳಿತು ಆಡುವುದಿದ್ದರೆ ರಾಜಿ. ದೊಡ್ಡವರು ಮಾತ್ರವಾದರೆ, ಶವ ಮತ್ತು ಇಲಿಗಳನ್ನು ಸಹಿಸುವಿರಾದರೆ, ಅಮೀಸಿಯಾ ನೂರು ಪಾಲು ಮೇಲು.

ಮನಸ್ಸಿನೊಳಗೆ ನಡೆಯುವ ಆಟಗಳು

ಇಲ್ಲಿ ಎಚ್ಚರದಿಂದ ಆರಿಸಿ. 2017ರ 'ಹೆಲ್‌ಬ್ಲೇಡ್: ಸೆನುವಾಸ್ ಸ್ಯಾಕ್ರಿಫೈಸ್' ಮನೋರೋಗದ ಒಳಗಿನಿಂದ ಹೇಳಿದ ಕಥೆ. ಸೆನುವಾಗೆ ಕಿವಿಯಲ್ಲಿ ದನಿಗಳು ಕೇಳಿಸುತ್ತವೆ. ಹೆಡ್‌ಫೋನ್ ಹಾಕಿಕೊಂಡರೆ ಅವು ನಿಮ್ಮ ಬಲಭುಜದ ಹಿಂದೆ, ಎಡಗಿವಿಯ ಪಕ್ಕ ಪಿಸುಗುಡುತ್ತವೆ: ಒಂದು ಹೆದರಿಸುತ್ತದೆ, ಒಂದು ಹಂಗಿಸುತ್ತದೆ, ಒಂದು ಹಿಂದಿನಿಂದ ಶತ್ರು ಬಂದ ಎಂದು ಎಚ್ಚರಿಸುತ್ತದೆ. ಕೇಂಬ್ರಿಜಿನ ನಿಂಜಾ ಥಿಯರಿ ತಂಡ ಮನೋವೈದ್ಯರನ್ನೂ ಅಂಥ ಅನುಭವವಿದ್ದವರನ್ನೂ ಕೇಳಿ ಇದನ್ನು ಕಟ್ಟಿತು. ಸೆನುವಾ ಪಾತ್ರ ಮಾಡಿದ ಮೆಲಿನಾ ಯುರ್ಗೆನ್ಸ್ ನಟಿಯೇ ಅಲ್ಲ, ಅದೇ ಸ್ಟುಡಿಯೊದಲ್ಲಿ ವಿಡಿಯೊ ಸಂಕಲನ ಮಾಡುತ್ತಿದ್ದವರು. ಏಳೆಂಟು ಗಂಟೆಯ ಆಟ. ನಾನು ಇದನ್ನು ಗೌರವಿಸುತ್ತೇನೆ, ಆದರೆ ಮನೆಯಲ್ಲಿ ಇಂಥ ಕಾಯಿಲೆ ಕಂಡವರಿಗೆ ಕೇಳದೆ ಕೊಡಿಸುವುದಿಲ್ಲ.

ಅದರ ಪಕ್ಕದಲ್ಲಿ 2018ರ 'ಸೆಲೆಸ್ಟ್' ಇಟ್ಟು ನೋಡಿ. ಮ್ಯಾಡಲಿನ್ ಎಂಬ ಹುಡುಗಿ ಒಂದು ಬೆಟ್ಟ ಹತ್ತುತ್ತಾಳೆ, ಅಷ್ಟೇ. ಅವಳಿಗೆ ಆತಂಕದ ತೊಂದರೆಯಿದೆ. ತಂತಿಯ ತೊಟ್ಟಿಲು ನಡುದಾರಿಯಲ್ಲಿ ನಿಂತಾಗ ಅವಳಿಗೆ ಉಸಿರು ಕಟ್ಟುತ್ತದೆ. ಜೊತೆಗಿದ್ದ ಥಿಯೊ, ಒಂದು ಗರಿ ನಿನ್ನೆದುರು ತೇಲುತ್ತಿದೆ ಎಂದುಕೊ ಎನ್ನುತ್ತಾನೆ. ಆಗ ಪರದೆಯ ಮೇಲೆ ಒಂದು ಗರಿ ಬರುತ್ತದೆ. ಗುಂಡಿ ಒತ್ತಿ ಬಿಟ್ಟು, ಒತ್ತಿ ಬಿಟ್ಟು ಅದನ್ನು ತೇಲಿಸುತ್ತಿರುವಾಗ ನಮ್ಮ ಉಸಿರೂ ತಾನಾಗಿ ಅದೇ ಲಯಕ್ಕೆ ಬಂದಿರುತ್ತದೆ. ಒಮ್ಮೆ ಬಸ್ಸಿನ ನೂಕುನುಗ್ಗಲಿನಲ್ಲಿ ನನಗೆ ಎದೆ ಬಿಗಿದಾಗ ಕಣ್ಣು ಮುಚ್ಚಿ ಹುಡುಕಿದ್ದು ಆ ಗರಿಯನ್ನೇ. ಆಟವೇನೋ ಬಹಳ ಕಠಿಣ, ನೂರಾರು ಸಲ ಬೀಳುತ್ತೀರಿ. ಆದರೆ ನೆರವಿನ ವ್ಯವಸ್ಥೆಯೊಂದು ಅದರಲ್ಲಿದೆ: ವೇಗ ತಗ್ಗಿಸಿಕೊಳ್ಳಬಹುದು, ಕೈ ಸೋಲದ ಹಾಗೆ ಮಾಡಿಕೊಳ್ಳಬಹುದು, ಸಾವೇ ಬಾರದ ಹಾಗೂ ಮಾಡಿಕೊಳ್ಳಬಹುದು.

ಬೀಳುವುದೇ ಬೇಡ ಎನ್ನುವವರಿಗೆ ಬಾರ್ಸಿಲೋನಾದ 'ಗ್ರಿಸ್' ಇದೆ. ದನಿ ಕಳೆದುಕೊಂಡ ಹುಡುಗಿ, ಬಣ್ಣ ಕಳೆದುಕೊಂಡ ಲೋಕ, ಒಂದೊಂದೇ ಬಣ್ಣ ಮರಳುತ್ತದೆ. ಸಾವಿಲ್ಲ, ಅಂಕವಿಲ್ಲ, ಮಾತಿಲ್ಲ.

ಫೋನ್ ಮಾತ್ರ ಇದ್ದರೆ

ನಮ್ಮಲ್ಲಿ ಬಹುಪಾಲು ಹೆಂಗಸರಿಗೆ ಗೇಮ್ ಎಂದರೆ ಫೋನೇ. ಅಡುಗೆಯಾದ ಮೇಲೆ, ಮಗುವನ್ನು ಮಲಗಿಸಿದ ಮೇಲೆ, ಮೆಟ್ರೊದಲ್ಲಿ. 'ಕ್ಯಾಂಡಿ ಕ್ರಷ್' ಆಡುವವರನ್ನು ಕಡೆಗಣಿಸುವವರ ಜೊತೆ ನಾನಿಲ್ಲ. ಸಾವಿರಾರು ಹಂತ ದಾಟಿದವರ ಕಣ್ಣು ಎಷ್ಟು ಚುರುಕು ಎಂದು ಪಕ್ಕದಲ್ಲಿ ಕುಳಿತು ನೋಡಿದರೆ ತಿಳಿಯುತ್ತದೆ. ಪುಕ್ಕಟೆ ಆಟಗಳಲ್ಲಿ ಒಂದು ತೊಂದರೆ: ಗೆಲ್ಲುವ ಹೊತ್ತಿಗೆ ಸರಿಯಾಗಿ ಹಣ ಕೇಳುತ್ತವೆ. ಒಮ್ಮೆ ಬೆಲೆ ಕೊಟ್ಟು ಪೂರ್ತಿ ನಿಮ್ಮದಾಗುವ ಆಟ ಕೊನೆಗೆ ಅಗ್ಗ.

ಅಂಥವುಗಳಲ್ಲಿ 'ಫ್ಲಾರೆನ್ಸ್' ನನಗೆ ಅಚ್ಚುಮೆಚ್ಚು. ಮೆಲ್ಬರ್ನಿನ ಮೌಂಟನ್ಸ್ ಸ್ಟುಡಿಯೊ 2018ರ ಪ್ರೇಮಿಗಳ ದಿನದಂದು ಬಿಟ್ಟದ್ದು, ಅರ್ಧ ಮುಕ್ಕಾಲು ಗಂಟೆಯ ಆಟ. ಫ್ಲಾರೆನ್ಸ್ ಕಚೇರಿ ಕೆಲಸದ ಹುಡುಗಿ. ಚೆಲ್ಲೊ ನುಡಿಸುವ ಕ್ರಿಶ್ ಭಾರತೀಯ ಮೂಲದವನು. ಮೊದಲ ಭೇಟಿಯಲ್ಲಿ ಅವಳು ಮಾತಾಡಬೇಕಾದರೆ ಮಾತಿನ ಗುಳ್ಳೆಯನ್ನು ಏಳೆಂಟು ತುಂಡುಗಳಿಂದ ಜೋಡಿಸಬೇಕು. ಸಲುಗೆ ಬೆಳೆದಂತೆ ತುಂಡುಗಳು ಕಡಿಮೆಯಾಗುತ್ತವೆ, ಕೊನೆಗೆ ಒಂದೇ ತುಂಡು, ಮಾತು ಸಲೀಸು. ಜಗಳದ ದಿನ ಅದೇ ತುಂಡುಗಳಿಗೆ ಚೂಪು ಅಂಚು. ಅವನು ಅವಳ ಮನೆಗೆ ಬಂದಾಗ ಕಪಾಟಿನಲ್ಲಿ ಅವನ ವಸ್ತುಗಳಿಗೆ ಜಾಗ ಮಾಡಬೇಕು: ಅವಳ ಯಾವ ವಸ್ತುವನ್ನು ಕೆಳಗಿನ ಪೆಟ್ಟಿಗೆಗೆ ಹಾಕುತ್ತೀರಿ? ಮದುವೆಯಾಗಿ ಇನ್ನೊಂದು ಮನೆಗೆ ಹೋದ ಯಾರಿಗೂ ಆ ಕಪಾಟನ್ನು ವಿವರಿಸಬೇಕಿಲ್ಲ.

ಲಂಡನ್ನಿನ ಉಸ್‌ಟೂ ತಂಡದ 'ಮಾನ್ಯುಮೆಂಟ್ ವ್ಯಾಲಿ' (2014) ಒಗಟು ಇಷ್ಟಪಡುವವರಿಗೆ. ಗೋಪುರವನ್ನು ಬೆರಳಿನಿಂದ ತಿರುಗಿಸಿದರೆ ಇಲ್ಲದ ದಾರಿ ಹುಟ್ಟುತ್ತದೆ. ಎರಡನೆಯ ಭಾಗದಲ್ಲಿ ತಾಯಿ ಮಗಳು ಜೊತೆಯಾಗಿ ನಡೆಯುತ್ತಾರೆ. ಮಗಳೊಡನೆ ಆಡುವುದಿದ್ದರೆ ಎರಡನೆಯದೇ ಇರಲಿ.

ಆನ್‌ಲೈನ್ ಆಟಗಳ ಬಗ್ಗೆ ಒಂದು ಮಾತು

ಅಪರಿಚಿತರೊಡನೆ ತಂಡ ಕಟ್ಟಿ ಆಡುವ ಗುಂಡಿನ ಆಟವೊಂದರಲ್ಲಿ ನಾನು ಮೈಕ್ ತೆರೆದು, ಶತ್ರು ಎಡಗಡೆಯ ಮನೆಯಲ್ಲಿದ್ದಾನೆ ಎಂದೆ. ಸದ್ದು ಒಂದು ಕ್ಷಣ ನಿಂತಿತು. ನಂತರ ಬಂದದ್ದನ್ನು ಇಲ್ಲಿ ಬರೆಯಲಾರೆ. ಅಂದು ಆಟದಲ್ಲಿ ನಮ್ಮ ತಂಡ ಸೋತದ್ದು, ನಾನು ಹೇಳಿದ ಆ ಎಡಗಡೆಯ ಮನೆಯಿಂದ ಬಂದ ಗುಂಡಿಗೇ. ಇದು ಒಂದೆರಡು ಆಟಗಳ ಸಮಸ್ಯೆಯಲ್ಲ, ನಾಯಕಿಯರು ಎಷ್ಟು ಚೆನ್ನಾಗಿದ್ದರೂ ಸುತ್ತಲಿನ ಜನ ಹೀಗಿದ್ದರೆ ಆಟ ಕಹಿ.

ಹಾಗೆಂದು ಬಿಡಬೇಡಿ. ಐವರ ತಂಡ ಕಟ್ಟಿ ಆಡುವ ಗುಂಡಿನ ಆಟ 'ವ್ಯಾಲೊರಂಟ್'ನ ಪಾತ್ರಗಳಲ್ಲಿ ಹೆಣ್ಣುಗಳು ಅನೇಕ, ಒಬ್ಬೊಬ್ಬಳದೂ ಒಂದೊಂದು ಕಸುಬು. ಹೆಂಗಸರಿಗಾಗಿ 'ಗೇಮ್ ಚೇಂಜರ್ಸ್' ಎಂಬ ಸ್ಪರ್ಧಾ ಸರಣಿಯೂ 2021ರಿಂದ ನಡೆಯುತ್ತಿದೆ. ಪರಿಚಿತ ಗೆಳತಿಯರು ನಾಲ್ವರನ್ನು ಸೇರಿಸಿಕೊಂಡೇ ಒಳಗೆ ಹೋಗಿ. ಒಬ್ಬರೇ ಹೋಗುವುದಾದರೆ ಧ್ವನಿ ಮುಚ್ಚಿ, ನಕ್ಷೆಯ ಮೇಲೆ ಗುರುತು ಹಾಕಿ ಸಂದೇಶ ಕೊಡಿ. ಇನ್ನೊಂದು: ಹೆಣ್ಣೆಂದು ತಿಳಿದ ಕೂಡಲೇ ತಂಡದವರು ಶುಶ್ರೂಷೆ ಮಾಡುವ ಸೇಜ್ ಪಾತ್ರವನ್ನು ನಿಮ್ಮ ಮೇಲೆ ಹೇರಲು ನೋಡುತ್ತಾರೆ. ಸೇಜ್ ಇಷ್ಟವಿದ್ದರೆ ಖಂಡಿತ ಆಡಿ. ಇಲ್ಲವಾದರೆ ಗಾಳಿಯಂತೆ ಮುಂದೆ ನುಗ್ಗುವ ಜೆಟ್ಟನ್ನು ಮೊದಲೇ ಹಿಡಿದುಕೊಳ್ಳಿ.

ಕೊಳ್ಳುವ ಮುಂಚೆ

ಕಂಪ್ಯೂಟರಿನಲ್ಲಿ ಸ್ಟೀಮ್ ಎಂಬ ಆನ್‌ಲೈನ್ ಗೇಮ್ ಅಂಗಡಿಯ ಮೂಲಕ ಕೊಂಡರೆ, ಕೊಂಡು 14 ದಿನದೊಳಗೆ, ಆಡಿದ್ದು ಎರಡು ಗಂಟೆಗಿಂತ ಕಡಿಮೆಯಿದ್ದರೆ ಹಣ ಹಿಂದಕ್ಕೆ ಸಿಗುತ್ತದೆ. ಆ ಎರಡು ಗಂಟೆಯಲ್ಲಿ ನಾಯಕಿಯ ಕೈಗೆ ಏನು ಬಂತು ಎಂದು ಗಮನಿಸಿ. ಹಿಡಿಸದಿದ್ದರೆ ಸಂಕೋಚವಿಲ್ಲದೆ ಮರಳಿಸಿ. 'ವೆಣ್ಬಾ' ಆ ಎರಡು ಗಂಟೆಯೊಳಗೇ ಮುಗಿದುಹೋಗಬಹುದು. ಅದೊಂದನ್ನು ಮುಗಿಸಿ ಹಣ ಕೇಳಬೇಡಿ, ಕಷ್ಟಪಟ್ಟ ಸಣ್ಣ ತಂಡದ್ದು.

ಅತ್ತೆ ಅದನ್ನು ಎರಡನೆಯ ಸಲ ಆಡಿಸಿಕೊಂಡರು. ವೆಣ್ಬಾಳ ಮಗ ಕವಿನ್ ದೊಡ್ಡವನಾಗಿ, ತಾನೇ ಒಲೆಯ ಮುಂದೆ ನಿಂತು ಅಮ್ಮನ ಪುಸ್ತಕ ತೆರೆಯುವ ಭಾಗ ಬಂದಾಗ ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ನನ್ನ ಕೈಯಿಂದ ಮೌಸ್ ತೆಗೆದುಕೊಂಡು, ಎಲ್ಲಿ ಒತ್ತಬೇಕು ಎಂದು ಕೇಳಿದರು.